ನಿಮಗಿದು ಗೊತ್ತೆ? ಕಣ್ಣಿಗೆ ಬೆಳಕಾದ ಪಾಚಿ
ಪಾಚಿಯ ಜೀನ್‌ನಿಂದ ಕುರುಡು ಕಣ್ಣಿಗೆ ಅಷ್ಟಿಷ್ಟು ನೋಟ ಮರಳಿದೆ! ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡಿದ್ದ 58 ವರ್ಷದ ವ್ಯಕ್ತಿಯೊಬ್ಬರು ವಿಶೇಷ ಕನ್ನಡಕ ಹಾಕಿಕೊಂಡು ಮೇಜಿನ ಮೇಲಿನ ಲೋಟಗಳನ್ನು ಎಣಿಸಿದ್ದು 2021ರಲ್ಲಿ ವರದಿಯಾಯಿತು. ಅವರ ಕಣ್ಣಿಗೆ ಸೇರಿಸಿದ್ದು ಕ್ಲಾಮಿಡೊಮೊನಾಸ್ ಎಂಬ ಏಕಕೋಶ ಪಾಚಿಯ, ಬೆಳಕು ಗ್ರಹಿಸುವ ಜೀನನ್ನು, ಅದೂ ತುಸು ತಿದ್ದಿ. ನೂರಕ್ಕೂ ಹೆಚ್ಚು ಪಾಚಿಗಳ ಜೀನ್ ಅನುಕ್ರಮಗಳನ್ನು ಜಾಲಾಡಿದಾಗ ಸಿಕ್ಕಿದ್ದು ಅದು, ಪ್ರಕಟವಾದದ್ದು 2014ರಲ್ಲಿ. ನಮ್ಮ ಇಂಡಿ, ಸಿಂದಗಿಯ ಕೃಷಿಹೊಂಡಗಳ, ಆಲಮಟ್ಟಿ ಹಿನ್ನೀರಿನ ಪಾಚಿಗಳ ಜೀನ್ ಅನುಕ್ರಮಗಳನ್ನೂ ಹೀಗೆ ದಾಖಲಿಸಬೇಕು ಎನ್ನಲು ಇಷ್ಟು ಸಾಕು. ಜೀನ್ ಅನುಕ್ರಮವೆಂಬ ಬರೀ ಅಕ್ಷರಗಳ ಸರಣಿಯಿಂದ ಔಷಧವಾದೀತೇ ಎನ್ನಬಹುದು. ಆಗದು, ನಿಜ, ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ಕೆಲಸವಿದೆ. ಆದರೆ ಯಾವ ಪಾಚಿಯಲ್ಲಿ ಹುಡುಕಬೇಕೆಂದು ಮೊದಲೇ ಯಾರಿಗೂ ಗೊತ್ತಿರಲಿಲ್ಲವಲ್ಲ!