ಓಡುವ ನಾಯಿಯ ಬೆನ್ನು ಹತ್ತಿ

ಕುಳಿತ ನಾಯಿಯ ಚಿತ್ರವನ್ನು ಯಾರು ಬೇಕಾದರೂ ತೆಗೆಯಬಹುದು. ಓಡುವ ನಾಯಿಯ ಚಿತ್ರ ತೆಗೆಯಹೊರಟವನಿಗೆ ಮಾತ್ರ ಕ್ಯಾಮರಾದ ಬಲವೂ ದೌರ್ಬಲ್ಯವೂ ಒಟ್ಟಿಗೇ ಅರಿವಾಗುತ್ತವೆ. ಈ ಜ್ಞಾನೋದಯ ನನಗಾದುದು ಅಂಕೋಲೆಯ ಸಮೀಪದ ಬೇಲೆಕೇರಿಯ ಕಡಲ ದಂಡೆಯಲ್ಲಿ.

ಒಂದು ಬೆಳಗ್ಗೆ ಅಲ್ಲಿ ಮೀನುಗಾರರು ಬಲೆಯನ್ನು ದಡಕ್ಕೆ ಜಗ್ಗುತ್ತಿದ್ದರು. ಬಲೆ ನೀರಿನಿಂದ ಮೇಲೇಳುವುದೇ ತಡ, ದೂರದ ಗಾಳಿಮರಗಳ ನೆರಳಿನಲ್ಲಿ ಮಲಗಿದ್ದ ಕಂದು ನಾಯಿಯೊಂದು ಬಿಟ್ಟ ಬಾಣದಂತೆ ಧಾವಿಸಿ ಬಂದಿತು. ನಮ್ಮ ಕೇರಿಗೆ ಮೀನು ತರುವ ಅಜ್ಜಿ ಬುಟ್ಟಿ ಹಿಡಿದು ಅಲ್ಲೇ ನಿಂತಿದ್ದಳು.

“ಮಾಸ್ತರ್ರೇ, ಇದು ನಮ್ಮ ಮೋತಿ. ಒಂಬತ್ತು ವರ್ಷ ಆಯ್ತು. ಇನ್ನೆಷ್ಟು ದಿನ ಹೀಗೆ ಓಡ್ತದೋ! ಓಡುವಾಗಲೇ ಒಂದು ಪಟ ತೆಗೆದುಕೊಡಿ” ಎಂದಳು.

“ಅದಕ್ಕೇನಂತೆ ಅಜ್ಜಿ, ಈಗಲೇ ತೆಗೆದೇನು” ಎಂದು ಮಾತು ಕೊಟ್ಟೆ. ಆ ಮಾತು ಉಳಿಸಿಕೊಳ್ಳಲು ಒಂದೂವರೆ ವರ್ಷ ಹಿಡಿಯಿತು.

ಕನ್ನಡಿಯ ಅಡ್ಡಿ

ನನ್ನಲ್ಲಿದ್ದುದು ಡಿ.ಎಸ್.ಎಲ್.ಆರ್. ಎಂಬ ಜಾತಿಯ ಕ್ಯಾಮರಾ. ಮಸೂರದ ಮೂಲಕ ಬಂದ ಬೆಳಕನ್ನು ಒಳಗಿನ ಕನ್ನಡಿಯೊಂದು ನಮ್ಮ ಕಣ್ಣಿಗೂ ಫೋಕಸ್ ಮಾಡುವ ಯಂತ್ರಭಾಗಕ್ಕೂ ಹಂಚುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ಮೇಲೇಳುತ್ತದೆ. ಆ ಹೊತ್ತಿನಲ್ಲಿ ನಮ್ಮ ಕಣ್ಣಿಗೂ ಕತ್ತಲೆ, ಫೋಕಸಿನ ಯಂತ್ರಕ್ಕೂ ಕತ್ತಲೆ. ಹೂವಿನ ಚಿತ್ರಕ್ಕೆ ಇದರಿಂದ ಬಾಧಕವಿಲ್ಲ. ನಾಯಿಯ ಸಂಗತಿ ಬೇರೆ.

ವಾಚಕರು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಗಂಟೆಗೆ 36 ಕಿಲೋಮೀಟರು ವೇಗದಲ್ಲಿ ಓಡುವ ನಾಯಿ ಒಂದು ಸೆಕೆಂಡಿಗೆ ಹತ್ತು ಮೀಟರು ಕ್ರಮಿಸುತ್ತದೆ. ಷಟರು ಸೆಕೆಂಡಿನ 250ನೆಯ ಒಂದು ಭಾಗದಷ್ಟು ತೆರೆದರೆ ಅಷ್ಟರಲ್ಲೇ ನಾಯಿ ನಾಲ್ಕು ಸೆಂಟಿಮೀಟರು ಮುಂದೆ ಸಾಗಿರುತ್ತದೆ. 2000ನೆಯ ಒಂದು ಭಾಗಕ್ಕೆ ಇಳಿಸಿದರೆ ಅರ್ಧ ಸೆಂಟಿಮೀಟರು. ಆದುದರಿಂದ ಚಿತ್ರ ಮಸುಕಾಗದಿರಲು ಷಟರಿನ ವೇಗ ಹೆಚ್ಚಿಸಿದರಾಯಿತು. ನಿಜವಾದ ಕಷ್ಟ ಫೋಕಸಿನದು. 200 ಮಿಲಿಮೀಟರಿನ ಮಸೂರವನ್ನು ಎಫ್ 2.8ಕ್ಕೆ ತೆರೆದು ಹತ್ತು ಮೀಟರು ದೂರಕ್ಕೆ ಹೊಂದಿಸಿದರೆ, ಸ್ಪಷ್ಟವಾಗಿ ಮೂಡುವ ಆಳ ಸುಮಾರು 40 ಸೆಂಟಿಮೀಟರು ಮಾತ್ರ. ನಮ್ಮೆಡೆಗೇ ಓಡಿಬರುವ ನಾಯಿ ಅಷ್ಟು ದೂರವನ್ನು ಸೆಕೆಂಡಿನ 25ನೆಯ ಒಂದು ಭಾಗದಲ್ಲಿ ದಾಟಿಬಿಡುತ್ತದೆ. ನನ್ನ ಚಿತ್ರಗಳಲ್ಲಿ ಮೋತಿಯ ಬಾಲವೂ ಹಿಂದಿನ ದೋಣಿಯೂ ಅತ್ಯಂತ ಸ್ಪಷ್ಟವಾಗಿ ಮೂಡುತ್ತಿದ್ದುವು. ಮುಖ ಮಾತ್ರ ಮಂಜಿನೊಳಗೆ ಅಡಗಿರುತ್ತಿತ್ತು.

ಯಂತ್ರವನ್ನೇ ದೂರುವುದೂ ನ್ಯಾಯವಲ್ಲ. ಇಂಥದೇ ಕನ್ನಡಿಯ ಕ್ಯಾಮರಾಗಳಿಂದ ದಶಕಗಳ ಕಾಲ ಓಟಗಾರರ, ಚಿರತೆಗಳ ಅದ್ಭುತ ಚಿತ್ರಗಳನ್ನು ತೆಗೆದವರುಂಟು. ಅದಕ್ಕೂ ಮೊದಲು, 1878ರಲ್ಲಿ, ಈಡ್ವರ್ಡ್ ಮೈಬ್ರಿಜ್ ಎಂಬಾತ ಅಮೆರಿಕೆಯಲ್ಲಿ ಕ್ಯಾಮರಾಗಳನ್ನು ಸಾಲಾಗಿ ನಿಲ್ಲಿಸಿ, ನಾಗಾಲೋಟದ ಕುದುರೆಯ ನಾಲ್ಕು ಕಾಲುಗಳೂ ಒಮ್ಮೆಗೇ ನೆಲ ಬಿಡುವುದನ್ನು ತೋರಿಸಿಕೊಟ್ಟನು. 1887ರಲ್ಲಿ ಆತ ಪ್ರಕಟಿಸಿದ 781 ಚಿತ್ರಫಲಕಗಳಲ್ಲಿ ಓಡುವ ನಾಯಿಗಳೂ ಇವೆ. ಕುದುರೆ ಒಂದು ನೆಗೆತದ ಆವರ್ತದಲ್ಲಿ ಒಂದೇ ಬಾರಿ ಗಾಳಿಯಲ್ಲಿರುತ್ತದೆ, ಕಾಲುಗಳನ್ನು ಹೊಟ್ಟೆಯಡಿಗೆ ಸೇರಿಸಿಕೊಂಡಾಗ. ಗ್ರೇಹೌಂಡಿನಂಥ ವೇಗದ ನಾಯಿಯಾದರೋ ಎರಡು ಬಾರಿ: ಮೈ ಮುದುಡಿದಾಗ ಒಮ್ಮೆ, ಮೈ ನೀಡಿದಾಗ ಮತ್ತೊಮ್ಮೆ. ನಮ್ಮ ಮುಧೋಳದ ಬೇಟೆನಾಯಿಯದೂ ಇದೇ ಬಗೆಯ ಓಟ. 2005ರಲ್ಲಿ ಅದು ಭಾರತದ ಅಂಚೆಚೀಟಿಯನ್ನೂ ಏರಿತು. ಮೋತಿ ಅಂಥ ಕುಲೀನನಲ್ಲ, ಬರಿಯ ಊರನಾಯಿ. ಆದರೆ ಇಳಿತದ ಅನಂತರದ ಗಟ್ಟಿ ಮರಳಿನ ಮೇಲೆ ಅದು ಮೈ ನೀಡಿ ಹಾರುವಾಗ ಕುಲವನ್ನು ಕೇಳುವವರಾರು?

ಮನೆಯ ಮಂತ್ರಾಲೋಚನೆ

2018ರ ಅನಂತರ ದೊಡ್ಡ ತಯಾರಕರೆಲ್ಲರೂ ಕನ್ನಡಿಯಿಲ್ಲದ ಕ್ಯಾಮರಾಗಳ ಕಡೆಗೆ ಹೊರಳಿದರು. ಇವುಗಳಲ್ಲಿ ಚಿತ್ರ ಹಿಡಿಯುವ ಸೆನ್ಸರೇ ಫೋಕಸನ್ನೂ ನೋಡಿಕೊಳ್ಳುತ್ತದೆ. 2019–20ರ ಸುಮಾರಿಗೆ ನಾಯಿ, ಬೆಕ್ಕುಗಳ ಕಣ್ಣನ್ನೇ ಗುರುತಿಸಿ ಬೆನ್ನಟ್ಟುವ ವಿದ್ಯೆಯೂ ಇವಕ್ಕೆ ಬಂದಿತು. ಇದನ್ನು ಓದಿದ ಮೇಲೆ ನನಗೆ ನಿದ್ರೆ ಹತ್ತಲಿಲ್ಲ.

ಆದರೆ ಕ್ಯಾಮರಾ ಬದಲಿಸುವುದೆಂದರೆ ಅಂಗಿ ಬದಲಿಸಿದಂತಲ್ಲ. ಮಸೂರ ಕೂಡುವ ಬಾಯಿಯೇ ಬೇರೆ. ಅಡಾಪ್ಟರಿನಿಂದ ಹಳೆಯ ಮಸೂರಗಳನ್ನು ಕೂಡಿಸಬಹುದಾದರೂ, ತಮ್ಮೊಳಗೇ ಮೋಟಾರಿಲ್ಲದ ಹಳೆಯ ಮಸೂರಗಳನ್ನು ಸಾಮಾನ್ಯವಾಗಿ ಕೈಯಿಂದಲೇ ತಿರುಗಿಸಬೇಕು. ನನ್ನ ಅಚ್ಚುಮೆಚ್ಚಿನ ಮಸೂರ ಆ ಪೈಕಿಯದು. ಎಲ್ಲವನ್ನೂ ಮಾರಿದರೂ ಹೊಸದರ ಅರ್ಧ ಬೆಲೆ ಹುಟ್ಟದು.

ಮನೆಯಾಕೆ ಲೆಕ್ಕದ ಚೀಟಿಯನ್ನು ಓದಿ, “ನಾಯಿ ಅವರದು, ಖರ್ಚು ನಮ್ಮದೇ?” ಎಂದಳು. ನಾನು ಮೌನ ತಾಳಿದೆ. ಎರಡು ದಿನಗಳ ಮೇಲೆ ಅವಳೇ, “ಮೊನ್ನೆ ಅಜ್ಜಿ ಬಂದಿದ್ದಳು. ಮೋತಿ ಈಗೀಗ ಕುಂಟುತ್ತದಂತೆ. ಮಾತು ಕೊಟ್ಟಿದ್ದೀರಲ್ಲ” ಎಂದಳು. ಆ ವರ್ಷದ ಪ್ರವಾಸದ ಹಣ ಕ್ಯಾಮರಾಕ್ಕೆ ಸಂದಿತು.

ಹೊಸ ಕಣ್ಣು

ಮೊದಲ ಅಭ್ಯಾಸ ಕಾರವಾರದ ರವೀಂದ್ರನಾಥ ಠಾಕೂರ್ ಕಡಲತೀರದಲ್ಲಿ. 1883ರಲ್ಲಿ ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದ ತರುಣ ಕವಿ ಆ ದಂಡೆಗೆ ಮನಸೋತಿದ್ದನು. ಸಂಜೆಯ ಸೂರ್ಯ ಕಡಲ ಮೇಲಿರುವಾಗ ಅಲ್ಲಿಯ ನಾಯಿಗಳು ಬರಿಯ ಕಪ್ಪು ನೆರಳುಗಳು; ಕಣ್ಣೇ ಕಾಣದಿರಲು ಜಾಣ ಕ್ಯಾಮರಾ ಯಾವುದನ್ನು ಗುರುತಿಸೀತು? ಬೆಳಗ್ಗೆಯಾದರೆ ಬಿಸಿಲು ಸಹ್ಯಾದ್ರಿಯ ಕಡೆಯಿಂದ, ನಮ್ಮ ಬೆನ್ನ ಹಿಂದಿನಿಂದ ಬಂದು ನಾಯಿಯ ಮುಖ ಬೆಳಗುತ್ತದೆ. ಇನ್ನೊಂದು ಪಾಠ: ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರಿನಲ್ಲಿ ಸೆನ್ಸರನ್ನು ಸಾಲುಸಾಲಾಗಿ ಓದುವುದರಿಂದ, ಓದು ನಿಧಾನವಾದ ಕ್ಯಾಮರಾಗಳಲ್ಲಿ ಓಡುವ ಕಾಲುಗಳು ಸೊಟ್ಟಗಾಗುತ್ತವೆ, ಯಾಂತ್ರಿಕ ಷಟರೇ ಕ್ಷೇಮ. ಉಪ್ಪುಗಾಳಿಯಲ್ಲಿ ಮಸೂರ ಬದಲಿಸಲೇಬಾರದು. ಮುಂದೆ ಕನ್ನಡಿಯಿಲ್ಲದ ಸೆನ್ಸರಿನ ಮೇಲೆ ತುಂತುರು ನೇರವಾಗಿ ಕೂರುತ್ತದೆ.

ಕೊನೆಗೊಂದು ಬೆಳಗ್ಗೆ ಬೇಲೆಕೇರಿಯಲ್ಲಿ ಬಲೆ ಮೇಲೆದ್ದಿತು. ಮೋತಿ ಎದ್ದಿತು, ಮೊದಲೆರಡು ಹೆಜ್ಜೆ ಕುಂಟಿತು, ಆಮೇಲೆ ಓಡಿತು! ಕ್ಯಾಮರಾದ ಪುಟ್ಟ ಚೌಕ ಅದರ ಕಣ್ಣಿಗೆ ಅಂಟಿಕೊಂಡಿತು. ಫೋಕಸಿನ ಚಿಂತೆಯಿಲ್ಲದೆ ನಾನು ನಾಯಿಯನ್ನು ನಾಯಿಯಾಗಿ ನೋಡಿದುದು ಅದೇ ಮೊದಲು. ಬಲೆಯ ಬಳಿ ಬಂದು ನಿಂತು ಅಜ್ಜಿಯತ್ತ ತಿರುಗುವವರೆಗೂ ಗುಂಡಿಯಿಂದ ಬೆರಳು ತೆಗೆಯಲಿಲ್ಲ.

ಅತ್ಯುತ್ತಮವಾದುದನ್ನು ಆರಿಸಿ ಅಚ್ಚು ಹಾಕಿಸಿದೆ: ನಾಲ್ಕು ಕಾಲೂ ನೆಲ ಬಿಟ್ಟು, ಕಿವಿಗಳು ಹಿಂದಕ್ಕೆ ಬಾಗಿ, ಮರಳಿನ ಕಣಗಳೂ ಎಣಿಸುವಂತಿದ್ದ ಚಿತ್ರ. ಅಜ್ಜಿ ಅದನ್ನು ದೂರ ಹಿಡಿದಳು, ಹತ್ತಿರ ಹಿಡಿದಳು.

“ಚಂದ ಉಂಟು ಮಾಸ್ತರ್ರೇ. ಇದು ಯಾರ ನಾಯಿ?”

ಹೆಚ್ಚಿಗೆಂದು ತಂದಿದ್ದ ಸಾಲಿನ ಕೊನೆಯ ಚಿತ್ರವನ್ನು ಅಳುಕುತ್ತಲೇ ಮುಂದಿಟ್ಟೆ. ಅದರಲ್ಲಿ ಮೋತಿ ನಿಂತು, ಒಂದು ಕಿವಿ ನಿಮಿರಿಸಿ, ಅವಳತ್ತ ತಿರುಗಿತ್ತು. ಎತ್ತಿದ ಕಾಲು ತುಸು ಮಸುಕು. “ಹಾಂ, ಇದು ನಮ್ಮ ಮೋತಿ!” ಎಂದು ಅದನ್ನೇ ಸೆರಗಿನಲ್ಲಿ ಒರೆಸಿಕೊಂಡು ತೆಗೆದುಕೊಂಡಳು.

ಸೆಕೆಂಡಿನ ಎರಡು ಸಾವಿರದ ಒಂದು ಭಾಗ ಮಾನವನ ಕಣ್ಣು ಎಂದೂ ಕಾಣದ ಕಾಲ. ಅಲ್ಲಿ ಹಾರುತ್ತಿದ್ದ ಪ್ರಾಣಿಯನ್ನು ಅಜ್ಜಿ ಒಮ್ಮೆಯೂ ನೋಡಿರಲಿಲ್ಲ, ಗುರುತು ಹಿಡಿಯುವುದೆಂತು? ಹೊಸ ಕ್ಯಾಮರಾ ಕೊಂಡುದಕ್ಕೆ ನನಗೆ ಪಶ್ಚಾತ್ತಾಪವಿಲ್ಲ; ಅದು ನನ್ನ ಕಣ್ಣನ್ನು ಬಿಡುವು ಮಾಡಿಕೊಟ್ಟಿತು. ಆದರೆ ಯಾವ ಕ್ಷಣ ಯಾರಿಗೆ ಬೇಕೆಂಬುದನ್ನು ಅದು ಹೇಳಲಾರದು.

ಮೋತಿ ಈಗ ಓಡುವುದಿಲ್ಲ. ಬಲೆ ಮೇಲೇಳುವಾಗ ಗಾಳಿಮರದಡಿಯಿಂದ ತಲೆ ಎತ್ತಿ ನೋಡುತ್ತದೆ. ಅಜ್ಜಿಯೇ ಅದರ ಪಾಲಿನ ಮೀನನ್ನು ಅಲ್ಲಿಗೆ ಒಯ್ಯುತ್ತಾಳೆ.