ದಣಿದ ಕಾಲಿಗೆ ಕಲಿಸುವುದು: ಸ್ಟೀಪಲ್‌ಚೇಸ್ ಓಟ ಮತ್ತು ಅಭ್ಯಾಸ ಪಾಠ

ದೈಹಿಕ ಶಿಕ್ಷಣದ ಅಭ್ಯಾಸ ಪಾಠಕ್ಕೆ ಸ್ಟೀಪಲ್‌ಚೇಸ್ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಅಪರೂಪ. ಶಾಲಾ ಮೈದಾನದಲ್ಲಿ ನೀರಿನ ಗುಂಡಿ ಇಲ್ಲ, ಭಾರದ ಹರ್ಡಲ್ ಇಲ್ಲ ಎಂಬುದು ಅವರು ಕೊಡುವ ಕಾರಣ. ನಾನು ಪದವಿ ಕಾಲೇಜಿನಲ್ಲಿ ದೂರದ ಓಟಗಾರನಾಗಿದ್ದೆ. ಕೊನೆಯ ಎರಡು ವರ್ಷ ಈ ಓಟದಲ್ಲಿ ಸ್ಪರ್ಧಿಸಿದೆ. ಈಗ ಪ್ರಶಿಕ್ಷಣಾರ್ಥಿಗಳ ಪಾಠಗಳನ್ನು ವೀಕ್ಷಿಸುವ ಕೆಲಸದಲ್ಲಿದ್ದೇನೆ. ಕೌಶಲವನ್ನು ಬಿಡಿಯಾಗಿ ಕಲಿಸಿದರೆ ಸಾಲದು, ಅದನ್ನು ಬಳಸಬೇಕಾದ ಸ್ಥಿತಿಯಲ್ಲಿಯೇ ಅಭ್ಯಾಸ ಮಾಡಿಸಬೇಕು ಎಂಬ ತತ್ವ ನನಗೆ ಮೊದಲು ಅರ್ಥವಾದದ್ದು ಈ ಓಟದಿಂದ.

ಓಟದ ಸ್ವರೂಪ

ಸ್ಟೀಪಲ್ ಎಂದರೆ ಚರ್ಚಿನ ಗೋಪುರ. ಐರ್ಲೆಂಡ್ ಮತ್ತು ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಒಂದೂರಿನ ಗೋಪುರದಿಂದ ಮತ್ತೊಂದೂರಿನ ಗೋಪುರವನ್ನು ಗುರಿಯಾಗಿಟ್ಟುಕೊಂಡು, ಬೇಲಿ ಹಳ್ಳಗಳನ್ನು ದಾಟುತ್ತಾ ಕುದುರೆ ಓಡಿಸುತ್ತಿದ್ದರು. ಆ ಬೇಲಿಯೇ ಹರ್ಡಲ್ ಆಗಿ, ಹಳ್ಳವೇ ನೀರಿನ ಗುಂಡಿಯಾಗಿ ಮುಂದೆ ಟ್ರ್ಯಾಕಿಗೆ ಬಂದವು. ಒಲಿಂಪಿಕ್ಸ್‌ನಲ್ಲಿ ಪುರುಷರ 3000 ಮೀಟರ್ ಸ್ಟೀಪಲ್‌ಚೇಸ್ 1920ರಿಂದ ಇದೆ. ಮಹಿಳೆಯರಿಗೆ ಅವಕಾಶ ದೊರೆತದ್ದು 2008ರ ಬೀಜಿಂಗ್‌ನಲ್ಲಿ. ಎರಡೇ ವರ್ಷಗಳಲ್ಲಿ, 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಸುಧಾ ಸಿಂಗ್ ಚಿನ್ನ ಗೆದ್ದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಲಲಿತಾ ಬಾಬರ್ ಫೈನಲ್ ತಲುಪಿದರು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಅವಿನಾಶ್ ಸಾಬ್ಳೆ 8 ನಿಮಿಷ 11.20 ಸೆಕೆಂಡಿನಲ್ಲಿ ಓಡಿ ಬೆಳ್ಳಿ ಪಡೆದರು.

ಈ ಓಟದಲ್ಲಿ 28 ಹರ್ಡಲ್, 7 ನೀರಿನ ಜಿಗಿತ, ಒಟ್ಟು 35 ಅಡೆತಡೆಗಳಿವೆ. ಎತ್ತರ ಪುರುಷರಿಗೆ 91.4 ಸೆಂ.ಮೀ., ಮಹಿಳೆಯರಿಗೆ 76.2 ಸೆಂ.ಮೀ. 110 ಮೀಟರ್ ಓಟದ ಹರ್ಡಲ್ ಕಾಲು ತಗುಲಿದರೆ ಉರುಳುತ್ತದೆ. ಇಲ್ಲಿಯದು 80ರಿಂದ 100 ಕಿಲೋ ತೂಕದ್ದು. ಕಾಲು ತಗುಲಿದರೆ ಉರುಳುವವನು ಓಟಗಾರ. ಹರ್ಡಲ್ ಮೇಲೆ ಕಾಲಿಟ್ಟು ದಾಟಬಹುದು, ಕೈ ಊರಲೂ ನಿಯಮದ ಅಡ್ಡಿಯಿಲ್ಲ. ಪಕ್ಕದಿಂದ ಸುತ್ತಿಕೊಂಡು ಹೋಗುವಂತಿಲ್ಲ.

ಪುರುಷರ ಓಟದ ನೀರಿನ ಜಾಗ ಹರ್ಡಲ್ ಸೇರಿ 3.66 ಮೀಟರ್ ಉದ್ದ. ಹರ್ಡಲ್‌ನ ಬುಡದಲ್ಲಿ ಹೆಚ್ಚು ಆಳ. ಮುಂದೆ ಹೋದಂತೆ ತಳ ಏರುತ್ತಾ ಟ್ರ್ಯಾಕಿನ ಮಟ್ಟಕ್ಕೆ ಸೇರುತ್ತದೆ. ದೂರ ಜಿಗಿದವನಿಗೆ ಪಾದ ಮುಳುಗುವಷ್ಟು ನೀರು, ಹತ್ತಿರ ಬಿದ್ದವನಿಗೆ ಹೆಚ್ಚು. ಕಲಿಯುವವನಿಗೆ ಹಿಮ್ಮಾಹಿತಿಯನ್ನು ಗುಂಡಿಯೇ ಕೊಡುತ್ತದೆ.

ಈ ಅಡೆತಡೆಗಳ ಬೆಲೆ ಎಷ್ಟು? 2024ರಲ್ಲಿ ನಾರ್ವೆಯ ಯಾಕೊಬ್ ಇಂಗೆಬ್ರಿಗ್ಟ್‌ಸನ್ ಬರೀ 3000 ಮೀಟರನ್ನು 7 ನಿಮಿಷ 17.55 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಸ್ಟೀಪಲ್‌ಚೇಸ್‌ನಲ್ಲಿ ಇಥಿಯೋಪಿಯಾದ ಲಮೇಚಾ ಗಿರ್ಮಾ 2023ರಲ್ಲಿ ಮಾಡಿದ ವಿಶ್ವದಾಖಲೆ 7 ನಿಮಿಷ 52.11 ಸೆಕೆಂಡ್. ಅಂತರ ಸುಮಾರು 35 ಸೆಕೆಂಡ್, ಅಂದರೆ ಒಂದು ಅಡೆತಡೆಗೆ ಹೆಚ್ಚುಕಡಿಮೆ ಒಂದು ಸೆಕೆಂಡ್. ಕಾಲೇಜು ಮಟ್ಟದಲ್ಲಿ ಸರಿಯಾಗಿ ಕಲಿಯದವನು ಇದಕ್ಕಿಂತ ಹೆಚ್ಚು ತೆರುತ್ತಾನೆ, ಅದರಲ್ಲೂ ಕೊನೆಯ ಸುತ್ತುಗಳಲ್ಲಿ.

ನಾವು ಕಲಿತ ಕ್ರಮ

ನಮ್ಮ ಕಾಲೇಜಿನದು ಮಣ್ಣಿನ ಟ್ರ್ಯಾಕ್. ದೈಹಿಕ ಶಿಕ್ಷಣ ನಿರ್ದೇಶಕರು ಬಡಗಿಯಿಂದ ಮರದ ತೊಲೆಯ ಹರ್ಡಲ್ ಒಂದನ್ನು ಮಾಡಿಸಿ ಉದ್ದಜಿಗಿತದ ಮರಳಿನ ಗುಂಡಿಯ ಅಂಚಿಗೆ ನಿಲ್ಲಿಸಿದರು. ಮೊದಲ ವಾರ ತಗ್ಗಿನ ಅಡೆಯನ್ನು ನಡೆಯುತ್ತಾ ದಾಟುವುದು, ಎಡಗಾಲಿನಿಂದಲೂ ಬಲಗಾಲಿನಿಂದಲೂ. ಎರಡು ಅಡೆತಡೆಗಳ ನಡುವೆ ಸುಮಾರು 80 ಮೀಟರ್ ಇರುವುದರಿಂದ ಹೆಜ್ಜೆ ಎಣಿಸಿ ಬರಲಾಗದು. ಯಾವ ಕಾಲು ಮುಂದೆ ಬಂದರೂ ಹಾರಲು ಬರಬೇಕು. ಎರಡನೇ ವಾರ, ಹತ್ತು ಹದಿನೈದು ಮೀಟರ್ ಹಿಂದಿನಿಂದಲೇ ವೇಗ ತುಸು ಹೆಚ್ಚಿಸಿ, ಹೆಜ್ಜೆ ಕಿರಿದು ಮಾಡದೆ ಹಾರುವುದು. ಮೂರನೇ ವಾರ ಮರಳಿನ ಗುಂಡಿ. ತೊಲೆಯ ಮೇಲೆ ಪಾದದ ಮುಂಭಾಗ ಇಟ್ಟು, ಮಂಡಿ ಬಗ್ಗಿಸಿ, ಮೈ ತಗ್ಗಿಸಿ ಮುಂದಕ್ಕೆ ತಳ್ಳಿಕೊಳ್ಳಬೇಕು. ಒಂದು ಕಾಲಿನ ಮೇಲೆ ಇಳಿದು, ಇನ್ನೊಂದು ಕಾಲು ಆಗಲೇ ಮುಂದಿನ ಹೆಜ್ಜೆ ಹಾಕಬೇಕು.

ಮೂರು ವಾರ ಕಳೆದಾಗ ನಾವೆಲ್ಲ ಚೆನ್ನಾಗಿಯೇ ಹಾರುತ್ತಿದ್ದೆವು. ಸರ್ ಆಗ ಹೇಳಿದರು: “ಇಷ್ಟು ದಿನ ಹಾರೋದು ಕಲಿತ್ರಿ ಕಣ್ರಪ್ಪಾ. ಇನ್ನು ಸುಸ್ತಾದಾಗ ಹಾರೋದು ಕಲೀಬೇಕು.” ಅಂದಿನಿಂದ ಐದು ಸುತ್ತು ಓಡಿ ಬಂದ ಮೇಲೆಯೇ ಹರ್ಡಲ್. ದಣಿದಾಗ ಏನಾಗುತ್ತದೆ ಎಂಬುದು ಅಲ್ಲಿ ಕಂಡಿತು. ಕಾಲಿಗಿಂತ ಮೊದಲು ಕಣ್ಣಿನ ಅಂದಾಜು ಕೆಡುತ್ತದೆ. ಓಟಗಾರ ಹರ್ಡಲ್‌ಗೆ ತೀರ ಹತ್ತಿರ ಬಂದು ಬಿಡುತ್ತಾನೆ, ಮಂಡಿ ಮೇಲೇಳುವುದಿಲ್ಲ. ಅದನ್ನು ತಿದ್ದಲು ಇನ್ನೂ ಒಂದೂವರೆ ತಿಂಗಳು ಹಿಡಿಯಿತು.

ಆ ವರ್ಷದ ಅಂತರ ಕಾಲೇಜು ಕೂಟದಲ್ಲಿ ಬೇರೆ ಕಾಲೇಜಿನ ಹುಡುಗನೊಬ್ಬ ನನ್ನ ಜೊತೆ ಓಡಿದ. 5000 ಮೀಟರಿನಲ್ಲಿ ನನಗಿಂತ ಬಹಳ ಮುಂದಿದ್ದವನು. ಓಟಕ್ಕೆ ಮುಂಚಿನ ಅಭ್ಯಾಸದಲ್ಲಿ ಅವನ ಜಿಗಿತ ನೋಡಲು ಚೆಂದವಾಗಿತ್ತು. ಆರನೇ ಸುತ್ತಿನ ನೀರಿನ ಹರ್ಡಲ್‌ಗೆ ಅವನ ಮಂಡಿ ಬಡಿಯಿತು. ಓಟ ಅಲ್ಲಿಗೆ ನಿಂತಿತು. ಸಂಜೆ ಮಾತನಾಡಿಸಿದಾಗ, “ಬರೀ ಹಾರೋದನ್ನ ಮಾಡಿಸಿದ್ರು ಅಣ್ಣಾ, ಓಡಿ ಬಂದು ಹಾರೋದನ್ನ ಯಾರೂ ಮಾಡಿಸಿಲ್ಲ” ಎಂದ. ಮರುವರ್ಷ ಅವನು ಈ ಸ್ಪರ್ಧೆಗೆ ಬರಲಿಲ್ಲ.

ನಮ್ಮ ಪಾಠಗಳಿಗೆ

ಸೂಕ್ಷ್ಮ ಬೋಧನೆಯಲ್ಲಿ ನಾವು ಮಾಡಿಸುವುದು ಬಿಡಿ ಜಿಗಿತ. ಐದು ಹತ್ತು ನಿಮಿಷ, ಎದುರಿಗೆ ಕೆಲವೇ ಸಹಪಾಠಿಗಳು, ಒಂದೇ ಕೌಶಲ. ಅದು ಬೇಕೇಬೇಕು. ಮಧ್ಯಾಹ್ನದ ಕೊನೆಯ ಅವಧಿ, ಐವತ್ತು ಮಕ್ಕಳು, ಕಪ್ಪುಹಲಗೆ ಕಡೆ ತಿರುಗಿದಾಗ ಹಿಂದಿನ ಬೆಂಚಿನಿಂದ ಬರುವ ಗದ್ದಲ, ಇದು ಆರನೇ ಸುತ್ತು. ಪ್ರಶ್ನಿಸುವ ಕೌಶಲದಲ್ಲಿ ಒಳ್ಳೆಯ ಅಂಕ ಪಡೆದವರು ಅಲ್ಲಿ ತಾವೇ ಪ್ರಶ್ನೆ ಕೇಳಿ ತಾವೇ ಉತ್ತರ ಹೇಳಿಬಿಡುವುದನ್ನು ನಾನು ಹಲವು ಬಾರಿ ನೋಡಿದ್ದೇನೆ. ‘ಕೌಶಲ ಬಂದಿಲ್ಲ’ ಎಂದು ಷರಾ ಬರೆಯುವುದು ಸುಲಭ. ಬಿಡಿ ಪಾಠಕ್ಕೂ ಶಾಲೆಯ ಪಾಠಕ್ಕೂ ನಡುವೆ ಎರಡು ಮೂರು ಕೌಶಲ ಕೂಡಿದ, ಹೆಚ್ಚು ಮಕ್ಕಳಿರುವ, ಹೆಚ್ಚು ಹೊತ್ತಿನ ಅಭ್ಯಾಸವನ್ನು ನಾವು ಕೊಟ್ಟಿದ್ದೇವೆಯೇ ಎಂದು ಮೊದಲು ನೋಡಬೇಕು.

ಶಾಲೆಯಲ್ಲಿ ಈ ಓಟವನ್ನು ಪಾಠಕ್ಕೆ ತೆಗೆದುಕೊಳ್ಳುವವರು ಭಾರದ ಹರ್ಡಲ್ ಬಳಸಬಾರದು. ಎರಡು ಇಟ್ಟಿಗೆ ರಾಶಿಗಳ ಮೇಲೆ ಸಡಿಲವಾಗಿ ಇಟ್ಟ ಬಿದಿರು ಗಳ ಸಾಕು. ಕಾಲು ತಗುಲಿದರೆ ಗಳ ಬೀಳುತ್ತದೆ, ಮಗು ಬೀಳುವುದಿಲ್ಲ. ಎತ್ತರ ಮಂಡಿಗಿಂತ ಕೆಳಗಿರಲಿ. ಹುಡುಗಿಯರೂ ಹುಡುಗರೂ ಒಟ್ಟಿಗೇ ಕಲಿಯಲಿ. ಮೊದಲು ದಣಿವಿಲ್ಲದೆ, ಆಮೇಲೆ ಮೈದಾನ ಎರಡು ಸುತ್ತು ಓಡಿ ಬಂದು ಹಾರಿಸಿ. ದಣಿದ ಮಗು ತಡವರಿಸಿದರೆ ಗಳದ ಎತ್ತರ ತಗ್ಗಿಸಿ, ಓಟ ಮುಂದುವರಿಯಲಿ.

ವೀಕ್ಷಣಾ ಪುಸ್ತಕದಲ್ಲಿ ‘ಚೆನ್ನಾಗಿ ಹಾರಿದಳು’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ‘ಮೂರನೇ ಸುತ್ತಿನವರೆಗೆ ಚೆನ್ನಾಗಿ ಹಾರಿದಳು, ನಾಲ್ಕರಲ್ಲಿ ಹೆಜ್ಜೆ ಕಿರಿದಾಯಿತು’ ಎಂದು ಬರೆದರೆ ನಾಳಿನ ಪಾಠ ಎಲ್ಲಿಂದ ಶುರುವಾಗಬೇಕೆಂಬುದು ತಿಳಿಯುತ್ತದೆ.