ತಂತ್ರಾಂಶ ರಚನೆಯಲ್ಲಿ ಪರೀಕ್ಷೆಯ ಸ್ಥಾನ

2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ತಂತ್ರಾಂಶ ತಜ್ಞರು ಕಲೆತು ‘ಅಜೈಲ್’ ಪದ್ಧತಿಯ ತತ್ತ್ವಗಳನ್ನು ರೂಪಿಸಿದರು. ಕೆಲವೇ ವಾರಗಳಿಗೊಮ್ಮೆ ಬಳಕೆಗೆ ಯೋಗ್ಯವಾದ ತಂತ್ರಾಂಶವನ್ನು ಒಪ್ಪಿಸುತ್ತ, ಬಳಸುವವರ ಅಪೇಕ್ಷೆಯಂತೆ ಮಾರ್ಪಡಿಸುತ್ತ ಸಾಗುವುದೇ ಇದರ ತಿರುಳು. ದಿನವೂ ಸಭೆ ಸೇರಿದ ಮಾತ್ರಕ್ಕೆ ಇದು ಸಿದ್ಧಿಸದು. ಪ್ರೋಗ್ರಾಂ ಬರೆಯುವವರ ಕೈ ಪಳಗಿರಬೇಕು. ಇಲ್ಲವಾದರೆ ಒಂದೆಡೆ ತಿದ್ದಿದಾಗ ಮತ್ತೊಂದೆಡೆ ಕೆಡುತ್ತದೆ.

ಆ ತಜ್ಞರಲ್ಲೊಬ್ಬರಾದ ಕೆಂಟ್ ಬೆಕ್ ಪ್ರಚುರಪಡಿಸಿದ ಕ್ರಮದಲ್ಲಿ ಪರೀಕ್ಷೆಯೇ ಮೊದಲು. ಶುಲ್ಕದಲ್ಲಿ ಶೇಕಡ 10 ರಿಯಾಯಿತಿ ಲೆಕ್ಕಿಸುವ ಭಾಗವನ್ನು ರಚಿಸಬೇಕೆನ್ನೋಣ. ‘500 ರೂಪಾಯಿಗೆ ಉತ್ತರ 450 ಬರಬೇಕು’ ಎಂಬ ಪರೀಕ್ಷೆಯನ್ನು ಮುಂಚೆಯೇ ಬರೆದು, ಅದು ವಿಫಲವಾಗುವುದನ್ನು ಕಂಡು, ಅನಂತರ ಅದು ಗೆಲ್ಲಲು ಬೇಕಾದಷ್ಟನ್ನೇ ಬರೆಯುವುದು. ಆಮೇಲೆ ಹೆಸರುಗಳನ್ನು ಸ್ಫುಟಗೊಳಿಸಿ ಪುನರುಕ್ತಿಯನ್ನು ಕಳೆಯುವುದು. ಕಾವ್ಯದಲ್ಲಿ ದೋಷವಾದದ್ದು ಇಲ್ಲಿಯೂ ದೋಷವೇ. ಪ್ರತಿ ತಿದ್ದುಪಡಿಯ ಬಳಿಕ ಎಲ್ಲ ಪರೀಕ್ಷೆಗಳನ್ನೂ ಮತ್ತೆ ನಡೆಸುವುದರಿಂದ, ಪರೀಕ್ಷೆಗೆ ಒಳಪಟ್ಟ ಭಾಗ ಕೆಟ್ಟಿದ್ದರೆ ಒಡನೆಯೇ ಗೋಚರಿಸುತ್ತದೆ.